ಕೋಠಿಯ ಕನ್ನಡಿಗರೂ ಸಿಟಿ ಕಾಲೇಜಿನ ಕಾಲ್ಚೆಂಡೂ

ರಾಜ್ಯೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಕಾಲ್ಚೆಂಡಿನ ವಿಷಯ ಬರೆಯುತ್ತೇನೆಂದೆ. ಅವರು ನಕ್ಕರು. ನಾಡುನುಡಿಯ ಹಬ್ಬಕ್ಕೂ ಚೆಂಡಾಟಕ್ಕೂ ಏನು ಸಂಬಂಧವೆಂದು ವಾಚಕ ಮಹಾಶಯರಿಗೂ ಅನಿಸಬಹುದು. ಆದರೆ ಹೈದರಾಬಾದಿನಲ್ಲಿ ಬೇರೂರಿದ ನಮ್ಮ ಹಿರಿಯರ ಬಾಳನ್ನು ನೆನೆಯ ಹೊರಟರೆ ಸಭೆ, ಗ್ರಂಥಾಲಯ, ನಾಟಕ, ದಾಸರ ಪದ ಇವುಗಳಷ್ಟೇ ಸಾಲವು. ಸಂಜೆಯ ಹೊತ್ತು ಅವರು ಎಲ್ಲಿಗೆ ಹೋಗಿ ನಿಲ್ಲುತ್ತಿದ್ದರು, ಯಾರಿಗಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದರು ಎಂಬುದೂ ಚರಿತ್ರೆಯೇ. ನಮ್ಮ ಕಾಕಾ ಅವರು ನಿಲ್ಲುತ್ತಿದ್ದುದು ಸಿಟಿ ಕಾಲೇಜಿನ ಹುಡುಗರ ಆಟದ ಅಂಚಿನಲ್ಲಿ.

ಮೊದಲು ಸ್ಥಳದ ಮಾತು. ಕೋಠಿ ಎಂದರೆ ದೊಡ್ಡ ಬಂಗಲೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಚಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬ ಆಂಗ್ಲ ರೆಸಿಡೆಂಟನು ಕಟ್ಟಿಸಿದ ಭವ್ಯ ಸೌಧದಿಂದ ಈ ಪ್ರದೇಶಕ್ಕೆ ಆ ಹೆಸರು ನಿಂತಿತು. 1857ರ ಜುಲೈ 17ರಂದು ತುರ್ರೇಬಾಜ್ ಖಾನನ ಕಡೆಯವರು ದಾಳಿ ಮಾಡಿದುದು ಇದೇ ಕಟ್ಟಡದ ಮೇಲೆ. ಅದರ ಸುತ್ತಣ ಪೇಟೆಗಳು ಬಹುಕಾಲ ಆಂಗ್ಲರ ಆಡಳಿತದಲ್ಲಿದ್ದು 1933ರಲ್ಲಿ ನಿಜಾಮರಿಗೆ ಮರಳಿದವು. 1949ರಿಂದ ಅಲ್ಲಿ ಮಹಿಳಾ ಕಾಲೇಜು ನಡೆಯಿತು. 2022ರಲ್ಲಿ ಅದೇ ವಿಶ್ವವಿದ್ಯಾನಿಲಯವಾಯಿತು. ಪಕ್ಕದ ಸುಲ್ತಾನ್ ಬಜಾರಿನಲ್ಲಿ 1901ರಲ್ಲಿ ತೆಲುಗರು ಶ್ರೀಕೃಷ್ಣದೇವರಾಯರ ಹೆಸರಿನಲ್ಲಿ ಭಾಷಾನಿಲಯವನ್ನು ಕಟ್ಟಿದರು. ಮರಾಠಿಗರು ಶಾಲೆ ನಡೆಸಿದರು. ತುಸು ದೂರದ ಕಾಚಿಗುಡದಲ್ಲಿ ನಮ್ಮವರು ಸಾಹಿತ್ಯ ಮಂದಿರವನ್ನೂ ನೃಪತುಂಗನ ಹೆಸರಿನ ಶಾಲೆಯನ್ನೂ ನಿಲ್ಲಿಸಿದರು. ಹೀಗೆ ಎಲ್ಲ ಭಾಷೆಗಳೂ ಮೈಗೆ ಮೈ ತಾಗಿಸಿಕೊಂಡು ನಡೆಯುವ ಪೇಟೆ ಇದು.

ಕೋಠಿಯಿಂದ ಪುತಲಿಬೌಲಿಯ ದಾರಿ ಹಿಡಿದು, ಅಫ್ಜಲ್‌ಗಂಜ್ ಹಾದು, ನಯಾಪುಲ್ ದಾಟಿದರೆ ಮೂಸಿ ನದಿಯ ಆಚೆಯ ದಂಡೆಯಲ್ಲಿ ಹೈಕೋರ್ಟೂ ಅದರ ನೆರೆಯಲ್ಲಿ ಸಿಟಿ ಕಾಲೇಜೂ ಕಾಣುತ್ತವೆ. ಈ ದಂಡೆಯ ಕಥೆಯಲ್ಲಿ ಒಬ್ಬ ಕನ್ನಡಿಗರ ಪಾಲೂ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರಕಾರ ಕರೆಸಿದುದು ನಮ್ಮ ವಿಶ್ವೇಶ್ವರಯ್ಯನವರನ್ನು. ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯಬೇಕೆಂದು ಅವರು ಕೊಟ್ಟ ಸಲಹೆಯ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಆ ನೆರೆಯ ತರುವಾಯ ದಂಡೆಯ ಮೇಲೆ ಹೊಸ ಕಟ್ಟಡಗಳು ಎದ್ದವು. ಹೈಕೋರ್ಟು, ಉಸ್ಮಾನಿಯ ಆಸ್ಪತ್ರೆ, ಸಿಟಿ ಹೈಸ್ಕೂಲು ಈ ಮೂರಕ್ಕೂ ನಕ್ಷೆ ಬರೆದವನು ವಿನ್ಸೆಂಟ್ ಎಷ್ ಎಂಬ ಶಿಲ್ಪಿ. ಆ ಹೈಸ್ಕೂಲು 1929ರಲ್ಲಿ ಕಾಲೇಜಾಗಿ ಉಸ್ಮಾನಿಯ ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಅಂದಿನ ಹೈದರಾಬಾದು ಸಂಸ್ಥಾನದಲ್ಲಿ ರಾಯಚೂರು, ಗುಲ್ಬರ್ಗ, ಬೀದರ ಜಿಲ್ಲೆಗಳು ಕನ್ನಡ ಜಿಲ್ಲೆಗಳಾಗಿದ್ದವು. ಪದವಿಯ ಓದು ಬೇಕೆಂದರೆ ರಾಜಧಾನಿಗೇ ಬರಬೇಕಾಗಿದ್ದಿತು. ಬಂದ ಹುಡುಗನಿಗೆ ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು. ನಮ್ಮ ಕಾಕಾ ಅವರು 1942ರಲ್ಲಿ ರಾಯಚೂರಿನ ಕಡೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಬುತ್ತಿಗಂಟು ಹಿಡಿದು ಕಾಚಿಗುಡದ ನಿಲ್ದಾಣದಲ್ಲಿ ಇಳಿದರಂತೆ. ಸುಲ್ತಾನ್ ಬಜಾರಿನ ಒಂದು ಓಣಿಯಲ್ಲಿ ನಾಲ್ವರು ಸೇರಿ ಒಂದು ಕೋಣೆ ಹಿಡಿದು, ಸಿಟಿ ಕಾಲೇಜಿಗೆ ಸೇರಿಕೊಂಡರು. ಉರ್ದು ಪುಸ್ತಕಗಳು ತಿಳಿಯದೆ, ಊರಿಗೆ ಹಿಂದಿರುಗಿಬಿಡೋಣವೆಂದು ಮೊದಲ ತಿಂಗಳಲ್ಲಿ ಎರಡು ಸಲ ಟ್ರಂಕು ಕಟ್ಟಿದ್ದರಂತೆ.

ಅವರನ್ನು ನಿಲ್ಲಿಸಿದ್ದು ಚೆಂಡು. ಒಂದು ಸಂಜೆ ಆಟ ನೋಡುತ್ತ ನಿಂತಿದ್ದಾಗ ಚೆಂಡು ಗೆರೆ ದಾಟಿ ಇವರ ಕಾಲ ಬಳಿಗೆ ಬಂದಿತು. ಇವರು ಎತ್ತಿ ಕೊಟ್ಟರು. ಆಡುತ್ತಿದ್ದ ಹುಡುಗನು ಉರ್ದುವಿನಲ್ಲಿ ಹೆಸರು ಕೇಳಿದನು. ಇವರು ತಡವರಿಸಿ ಹೇಳಿದರು. ಮರುದಿನ ಅವನೇ ಹೆಸರು ಹಿಡಿದು ಕರೆದನು. ನಗರದಲ್ಲಿ ತಮ್ಮನ್ನು ಹೆಸರು ಹಿಡಿದು ಕರೆದ ಮೊದಲ ಮನುಷ್ಯನು ಅವನೆಂದು ಕಾಕಾ ಹೇಳುತ್ತಿದ್ದರು. ಅಂದಿನಿಂದ ಅವರು ಆ ತಂಡದ ಕಟ್ಟಾ ಅಭಿಮಾನಿ. ತಾವು ಎಂದೂ ಆಡಿದವರಲ್ಲ. ಆಟಗಾರರ ಸೈಕಲ್ಲುಗಳನ್ನು ಕಾಯುವುದು, ನೀರಿನ ಹೂಜಿ ಹಿಡಿದು ನಿಲ್ಲುವುದು, ನಿಂಬೆಹಣ್ಣು ಹೆಚ್ಚಿ ಕೊಡುವುದು ಅವರ ಕೆಲಸ. ತಂಡ ಎಲ್ಲಿಗೆ ಹೋದರೂ ಹಿಂದೆಯೇ ಕಾಲ್ನಡಿಗೆಯಲ್ಲಿ ಹೋಗುವರು. ಸೋತ ದಿನ ಕೋಣೆಗೆ ಬಂದು ಉಣ್ಣದೆ ಮಲಗುವರು. ಉರ್ದುವನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ, ಆ ಗೆರೆಯ ಅಂಚಿನಲ್ಲಿ ನಿಂತು.

ಈ ಕಾಲೇಜಿನ ಆಟವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಸಿಟಿ ಕಾಲೇಜಿನ ಹಳೆಯ ಮತ್ತು ಅಂದಿನ ವಿದ್ಯಾರ್ಥಿಗಳೇ ಹೆಚ್ಚಾಗಿ ಸೇರಿ ಕಟ್ಟಿದ್ದ ‘ಇಲೆವೆನ್ ಹಂಟರ್ಸ್’ ಎಂಬ ತಂಡದಲ್ಲಿ ಆಡಿ ಬೆಳೆದವರು ಸೈಯದ್ ಅಬ್ದುಲ್ ರಹೀಮರು. 1909ರಲ್ಲಿ ಹುಟ್ಟಿದ ರಹೀಮರು ಉಸ್ಮಾನಿಯದಲ್ಲಿ ಓದಿ, ವಿಶ್ವವಿದ್ಯಾನಿಲಯದ ತಂಡಕ್ಕೂ ಆಡಿದರು. ಬಳಿಕ ಉಪಾಧ್ಯಾಯರಾದರು. ಕಾಚಿಗುಡದ ಮಾಧ್ಯಮಿಕ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರಘಾಟ್ ಪ್ರೌಢಶಾಲೆ ಮುಂತಾದೆಡೆ ಪಾಠ ಹೇಳಿದರು. ವ್ಯಾಯಾಮ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. ಕಾಚಿಗುಡ, ಚಾದರಘಾಟ್ ಎಂದರೆ ಕೋಠಿಯ ನೆರೆಹೊರೆ. ಭಾರತದ ಕಾಲ್ಚೆಂಡಿನ ಮಹಾಗುರು ನಮ್ಮ ಬೀದಿಗಳಲ್ಲಿ ನಡೆದಾಡಿದ ಮೇಷ್ಟ್ರು. ಜನರೂ ಅವರನ್ನು ‘ರಹೀಮ್ ಸಾಹೇಬ’ರೆಂದೇ ಕರೆದರು.

1943ರಲ್ಲಿ ರಹೀಮರು ಹೈದರಾಬಾದು ಕಾಲ್ಚೆಂಡು ಸಂಸ್ಥೆಯ ಕಾರ್ಯದರ್ಶಿಯಾದರು. ನಗರದ ಪೊಲೀಸ್ ತಂಡದ ಶಿಕ್ಷಕರೂ ಆದರು. ಅವರ ಬೋಧನೆಯ ಕ್ರಮ ಮೇಷ್ಟ್ರ ಕ್ರಮವೇ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯುವ ಚಟ ಬಿಡಿಸಲೆಂದು, ಹಾಗೆ ಆಡಕೂಡದೆಂಬ ಕಟ್ಟಳೆಯ ಪಂದ್ಯಾವಳಿಗಳನ್ನು ನಡೆಸಿದರು. ಬಲಗಾಲಿನವನಿಗೆ ಎಡಗಾಲಿನ ಅಭ್ಯಾಸ ಮಾಡಿಸಿದರು. ಚೆಂಡನ್ನು ಒಡನಾಡಿಗೆ ಬೇಗ ಸಾಗಿಸಬೇಕು, ಸಾಗಿಸಿದ ಮೇಲೆ ನಿಲ್ಲದೆ ಖಾಲಿ ಜಾಗಕ್ಕೆ ಓಡಬೇಕು. ಇದು ಅವರ ಪಾಠದ ಸಾರ. ಕಾಕಾ ಇದನ್ನು ತಮ್ಮ ರೀತಿಯಲ್ಲಿ ಹೇಳುತ್ತಿದ್ದರು: “ಬುತ್ತಿ ಬಿಚ್ಚಿದ ಮ್ಯಾಲ ಒಬ್ಬನ ಉಣಬಾರದಪಾ, ಹಂಚಬೇಕು.”

ಅದೇ 1943ರಲ್ಲಿ ಬೆಂಗಳೂರಿನ ಆಷ್ ಚಿನ್ನದ ಬಟ್ಟಲಿನ ಅಂತಿಮ ಪಂದ್ಯದಲ್ಲಿ ಹೈದರಾಬಾದು ಪೊಲೀಸರು ಆಂಗ್ಲರ ವಾಯುಪಡೆಯ ತಂಡವನ್ನು ಸೋಲಿಸಿದರು. ಈ ಸುದ್ದಿ ಬಂದ ದಿನ ಸುಲ್ತಾನ್ ಬಜಾರಿನ ಕೋಣೆಯಲ್ಲಿ ವಾದವೇ ನಡೆಯಿತಂತೆ: ಗೆದ್ದದ್ದು ಹೈದರಾಬಾದು ಸರಿ, ಆದರೆ ಗೆದ್ದ ಮಣ್ಣು ಕನ್ನಡದ್ದಲ್ಲವೆ? ಬೆಂಗಳೂರಿನವರೂ ಆಟದಲ್ಲಿ ಹಿಂದುಳಿದವರಾಗಿರಲಿಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಬಟ್ಟಲನ್ನು ಗೆದ್ದಿದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕಮಾತ್ರ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್.

1948ರ ಪೊಲೀಸ್ ಕಾರ್ಯಾಚರಣೆಯ ದಿನಗಳ ಕಷ್ಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಂದು ನೆರೆಯವನನ್ನು ನೆರೆಯವನು ನಂಬುವುದು ಕಷ್ಟವಾಗಿದ್ದಿತು. ಆದರೆ ಎರಡು ವರ್ಷ ಕಳೆಯುವುದರೊಳಗೆ, 1950ರಲ್ಲಿ, ನಗರದ ಪೊಲೀಸ್ ತಂಡ ದುರಾಂದ್ ಬಟ್ಟಲನ್ನೂ ರೋವರ್ಸ್ ಬಟ್ಟಲನ್ನೂ ತಂದಿತು. ರೋವರ್ಸ್ ಬಟ್ಟಲನ್ನು 1950ರಿಂದ 1954ರವರೆಗೆ ಸತತವಾಗಿ ಐದು ಸಲ ಗೆದ್ದಿತು. ಇಡೀ ನಗರ ಒಟ್ಟಿಗೆ ಸಂತೋಷಪಡಲು ಒಂದು ಕಾರಣ ಸಿಕ್ಕಿತು. ಕಾಕಾ ಅವರಿಗೆ ಆ ವೇಳೆಗೆ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ದೊರೆತಿದ್ದಿತು. ಆದರೂ ಅವರು ಕಾಲೇಜು ಹುಡುಗರ ಆಟವನ್ನು ಬಿಡಲಿಲ್ಲ. “ಪೊಲೀಸರ ತಂಡಕ್ಕ ಊರ ತುಂಬ ಮಂದಿ ಅದಾರ, ಈ ಹುಡುಗರಿಗೆ ಯಾರದಾರ?” ಎಂದು ಕೇಳುವರು. ಚಪ್ಪಾಳೆ ತಟ್ಟಲು ಐದಾರು ಮಂದಿಯೂ ಇಲ್ಲದ ಆಟಕ್ಕೆ ಕೊಡೆ ಹಿಡಿದು ಹೋಗುವರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವು. ಹೈದರಾಬಾದು ರಾಜ್ಯವೆಂಬುದು ಅಂದು ಇಲ್ಲವಾಯಿತು. ನಮ್ಮ ಮೂರು ಜಿಲ್ಲೆಗಳು ವಿಶಾಲ ಮೈಸೂರು ಸೇರಿದವು. ನಾವು ಇಂದು ಆಚರಿಸುವ ಹಬ್ಬದ ಮೂಲ ಅದೇ. ಕಾಕಾ ಅವರ ಕೋಣೆಯ ಗೆಳೆಯರಲ್ಲಿ ಇಬ್ಬರು ಗುಲ್ಬರ್ಗಕ್ಕೂ ಬೆಂಗಳೂರಿಗೂ ವರ್ಗ ಮಾಡಿಸಿಕೊಂಡು ಹೊರಟರು. ಕಾಕಾ ಉಳಿದರು. ಊರು ಒಂದು ರಾಜ್ಯದಲ್ಲಿ, ಅನ್ನ ಇನ್ನೊಂದು ರಾಜ್ಯದಲ್ಲಿ ಎಂಬಂತಾಯಿತು.

ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಉಪಾಂತ್ಯ ತಲುಪಿದ ಏಷ್ಯದ ಮೊದಲ ತಂಡ ನಮ್ಮದಾಯಿತು. ಮುಂದೆ ಯುಗೊಸ್ಲಾವಿಯಕ್ಕೂ ಬಲ್ಗೇರಿಯಕ್ಕೂ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಆ ತಂಡದ ಗುರು ರಹೀಮರು. ಅಜೀಜುದ್ದೀನ್, ನೂರ್ ಮಹಮ್ಮದ್, ಅಹಮದ್ ಹುಸೇನ್, ಬಲರಾಮ್, ಜುಲ್ಫಿಕರುದ್ದೀನ್ ಮುಂತಾದ ಹೈದರಾಬಾದಿನವರು ಅದರಲ್ಲಿದ್ದರು. ಮೈಸೂರಿನ ಕೆಂಪಯ್ಯನವರೂ ಇದ್ದರು. ಭೂಪಟದಲ್ಲಿ ಅಳಿದ ಹೈದರಾಬಾದು ಆಟದ ಮೈದಾನದಲ್ಲಿ ಉಳಿದಿತ್ತು: 1956-57ರಲ್ಲೂ, ನಮ್ಮ ನಗರದಲ್ಲೇ ನಡೆದ 1957-58ರ ಪಂದ್ಯಾವಳಿಯಲ್ಲೂ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ‘ಹೈದರಾಬಾದು’ ಎಂಬ ಹೆಸರಿನ ತಂಡವೇ.

ಆ ದಿನಗಳಲ್ಲಿ ರಾಯಚೂರಿನಿಂದ ಬಂದ ನೆಂಟರೊಬ್ಬರು ಊಟಕ್ಕೆ ಕುಳಿತಾಗ ಕಾಕಾ ಅವರನ್ನು ಕೆಣಕಿದರು: “ಅಲ್ಲೋ ತಮ್ಮಾ, ಮೈಸೂರಿನವರೂ ಹೈದರಾಬಾದಿನವರೂ ಎದುರಾದರ ನೀ ಯಾರ ಕಡಿ?” ಕಾಕಾ ನಗುತ್ತ, “ಮೈಸೂರಿನವರು ಗೆದ್ದರ ಮನ್ಯಾಗ ಹೋಳಿಗಿ, ಹೈದರಾಬಾದಿನವರು ಗೆದ್ದರ ಡಬಲ್ ಕಾ ಮೀಠಾ. ಹ್ಯಾಂಗಾದರೂ ಬಾಯಿ ಸಿಹಿನ ಅಣ್ಣಾ” ಎಂದರು. ಎಲ್ಲರೂ ನಕ್ಕರು. ಚಿಕ್ಕವನಾದ ನಾನೂ ನಕ್ಕೆನೆಂದು ಮನೆಯವರು ಹೇಳುತ್ತಾರೆ.

ಬಹಳ ವರ್ಷಗಳ ತರುವಾಯ, ಅವರು ಹಾಸಿಗೆ ಹಿಡಿದಿದ್ದಾಗ, ನಾನೇ ಆ ಮಾತನ್ನು ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅವತ್ತು ನಾ ಸುಳ್ಳು ಹೇಳಿದೆ. ನಿಂತು ಆಟ ನೋಡೋ ಮುಂದ ಚೆಂಡು ಬಂದರ, ಆಡದವನ ಕಾಲೂ ಒಂದ ಕಡಿ ಎಳೀತದ. ನನ್ನ ಕಾಲು ಈ ಊರಿನ ಹುಡುಗರ ಕಡಿನ ಎಳೀತಿತ್ತು. ಇದನ್ನ ನಮ್ಮವರ ಮುಂದ ಹೇಳಲಿಕ್ಕೆ ನಾಚಿಕಿ ಬಂತು.” ಕನ್ನಡಕ್ಕಾಗಿ ಕೈಯಿಂದ ಚಂದಾ ಕೊಟ್ಟು, ಮಕ್ಕಳಿಗೆ ಕನ್ನಡ ಓದಿಸಿ, ರಾಜ್ಯೋತ್ಸವದಲ್ಲಿ ಕುರ್ಚಿ ಹೊತ್ತ ಮನುಷ್ಯ ಈ ಒಂದು ಮಾತನ್ನು ಮೂವತ್ತು ವರ್ಷ ಅಪರಾಧದಂತೆ ಬಚ್ಚಿಟ್ಟುಕೊಂಡಿದ್ದರು! ಅದು ಅಪರಾಧವಲ್ಲವೆಂದು ಅಂದು ಅವರಿಗೆ ಹೇಳಲು ನನಗೆ ತೋಚಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

1962ರ ಸೆಪ್ಟೆಂಬರ್ 4ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದು ಭಾರತ ಚಿನ್ನ ತಂದಿತು. ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗರನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ಆಡಿಸಿದ ಜಾಣ್ಮೆ ರಹೀಮರದು. ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರಿಂದ, ಇನ್ನೊಂದು ಅದೇ ಜರ್ನೈಲರಿಂದ ಬಂದಿತು. ಅಷ್ಟರಲ್ಲಿ ರಹೀಮರ ಶ್ವಾಸಕೋಶವನ್ನು ಅರ್ಬುದ ಹಿಡಿದಿದ್ದಿತು. 1963ರ ಜೂನ್ 11ರಂದು ಅವರು ತೀರಿಕೊಂಡರು.

ಆ ಬಳಿಕ ನಗರದ ಆಟ ಇಳಿಮುಖವಾಯಿತು. ಒಳ್ಳೆಯ ಆಟಗಾರರನ್ನು ಕಲ್ಕತ್ತೆಯ ದೊಡ್ಡ ತಂಡಗಳು ಸೆಳೆದವು. ಬಯಲುಗಳ ಮೇಲೆ ಕಟ್ಟಡಗಳು ಬಂದವು. ಹುಡುಗರ ಕೈಗೆ ಕ್ರಿಕೆಟ್ ಬ್ಯಾಟು ಬಂದಿತು. 1965-66ರಲ್ಲಿ ಆಂಧ್ರಪ್ರದೇಶದ ಹೆಸರಿನಲ್ಲಿ ಒಮ್ಮೆ ಸಂತೋಷ್ ಟ್ರೋಫಿ ಬಂದುದೇ ದೊಡ್ಡದಾಯಿತು. 2022ರಲ್ಲಿ ಹೈದರಾಬಾದಿನ ಹೆಸರು ಹೊತ್ತ ವೃತ್ತಿಪರ ತಂಡವೊಂದು ರಾಷ್ಟ್ರದ ಲೀಗನ್ನು ಗೆದ್ದಾಗ ಹಳಬರ ಕಣ್ಣು ತೇವವಾಯಿತು. ಆದರೆ ಅಡಿಪಾಯದ ಮಾತು ಬೇರೆ. ಪೊಲೀಸ್ ತಂಡಕ್ಕೆ ಆಟಗಾರರು ಬಂದದ್ದು ಪೇಟೆಯ ತಂಡಗಳಿಂದ. ಪೇಟೆಯ ತಂಡಗಳಿಗೆ ಕಾಲೇಜುಗಳಿಂದ. ಕಾಲೇಜಿಗೆ ಶಾಲೆಯ ಅಂಗಳದಿಂದ. ಅಂಗಳ ಹೋದ ಮೇಲೆ ಉಳಿದುದೆಲ್ಲ ಒಂದೊಂದಾಗಿ ಹೋಯಿತು. ನಮ್ಮ ಭಾಷೆಯ ಶಾಲೆಗಳ ಮಾತೂ ಹೀಗೆಯೇ ಅಲ್ಲವೆ? ದೊಡ್ಡ ಸಭೆಗಳಿಗೆ ಜನ ಸೇರುತ್ತಾರೆ. ಒಂದನೆಯ ತರಗತಿಗೆ ಮಗುವನ್ನು ಕಳುಹಿಸುವವರು ಎಷ್ಟು ಮಂದಿ?

ಎಲ್ಲೆಗಳನ್ನು ಮನುಷ್ಯರು ಎಳೆಯುತ್ತಾರೆ, ಬಾಳು ಅವುಗಳನ್ನು ದಾಟುತ್ತದೆ. ಮೆಲ್ಬರ್ನಿನಲ್ಲಿ ಆಡಿದ ಹೈದರಾಬಾದಿನ ಅಹಮದ್ ಹುಸೇನರು 2021ರ ಏಪ್ರಿಲಿನಲ್ಲಿ ಕೊನೆಯುಸಿರೆಳೆದುದು ಬೆಂಗಳೂರಿನಲ್ಲಿ. 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದ ರಹೀಮರ ಮಗ ಸೈಯದ್ ಶಾಹಿದ್ ಹಕೀಮರು ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡುದು ಕಲಬುರಗಿಯಲ್ಲಿ. 2023ರಲ್ಲಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಕಾಕಾ ಇದ್ದಿದ್ದರೆ ಎರಡು ಹೆಚ್ಚಾಗಿಯೇ ತಿನ್ನುತ್ತಿದ್ದರು.

ತಾಯಿನುಡಿ ಒಂದೇ, ಅನ್ನ ಕೊಟ್ಟ ಊರಿನ ಹುಡುಗರಿಗಾಗಿ ಕೂಗಿದರೆ ಅದಕ್ಕೆ ಕುಂದಿಲ್ಲ. ಹೆಸರು ಹಿಡಿದು ಕರೆದವನನ್ನು ಮರೆಯದಿರುವುದೂ ಕನ್ನಡಿಗರ ಗುಣವೇ. ಈ ನವೆಂಬರಿನಲ್ಲಿ ನಯಾಪುಲ್ ದಾಟುವ ಬಂಧುಗಳು ಸಿಟಿ ಕಾಲೇಜಿನ ಮುಂದೆ ಒಂದು ಕ್ಷಣ ನಿಲ್ಲಲಿ. ಹುಡುಗರು ಆಡುತ್ತಿದ್ದರೆ, ಯಾರ ಕಡೆಯವರೆಂದು ಕೇಳದೆ, ಒಮ್ಮೆ ಚಪ್ಪಾಳೆ ತಟ್ಟಲಿ.