ಎರವಲು ಚಿಪ್ಪೂ ಗಾಜಿನ ತೊಟ್ಟಿಯೂ

ಜಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ದಿನವೂ ಗಮನಿಸುವ ಪದ್ಧತಿಯ ಮೂಲಗಳಲ್ಲೊಂದು ಅಲಂಕಾರದ ಆಸೆಯಲ್ಲ, ಒಂದು ಚಿಪ್ಪು ಯಾರದೆಂಬ ಜಿಜ್ಞಾಸೆ. ಅಷ್ಟಪದಿಯ ಬಳಗಕ್ಕೆ ಸೇರಿದ ಅರ್ಗೊನಾಟ್ ಎಂಬ ಸಮುದ್ರಜೀವಿಯ ಹೆಣ್ಣು ಕಾಗದದಷ್ಟು ತೆಳುವಾದ ಬಿಳಿ ಚಿಪ್ಪಿನೊಳಗೆ ಕುಳಿತು ತೇಲುತ್ತದೆ. ಆದರೆ ಅದರ ಮೈ ಬಸವನಹುಳುವಿನ ಮೈಯಂತೆ ಚಿಪ್ಪಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ, ಅದು ಸನ್ಯಾಸಿ ಏಡಿಯ ಹಾಗೆ ಅನ್ಯಜೀವಿಯ ಮನೆಯಲ್ಲಿ ಬಿಡಾರ ಹೂಡಿದೆಯೆಂದು ಫ್ರಾನ್ಸಿನ ಬ್ಲಾಂವಿಲ್ ಮೊದಲಾದ ಪ್ರಾಣಿಶಾಸ್ತ್ರಜ್ಞರು ವಾದಿಸುತ್ತಿದ್ದರು. ಸನ್ಯಾಸಿ ಏಡಿಯೆಂದರೆ, ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪಿನೊಳಗೆ ತನ್ನ ಮೆತ್ತನೆಯ, ಸುರುಳಿಯಾದ ಹೊಟ್ಟೆಯನ್ನು ಹುದುಗಿಸಿಕೊಂಡು ಆ ಮನೆಯನ್ನು ಹೊತ್ತೇ ತಿರುಗುವ ಏಡಿ.

ಈ ವಾದವನ್ನು ಬಗೆಹರಿಸಿದವರು ಫ್ರಾನ್ಸಿನ ಹಳ್ಳಿಯಿಂದ ಬಂದು, ಪ್ಯಾರಿಸ್ಸಿನಲ್ಲಿ ಉಡುಪು ಹೊಲಿಯುವ ಕಸುಬು ಮಾಡಿ, 1818ರಲ್ಲಿ ಮದುವೆಯಾಗಿ ಸಿಸಿಲಿಯ ಮೆಸ್ಸೀನಾದಲ್ಲಿ ನೆಲೆಸಿದ ಜೀನ್ ವಿಲ್‌ಪ್ರೂ-ಪವರ್ (1794–1871). ಸತ್ತ ಮಾದರಿಗಳಿಂದ ಉತ್ತರ ಸಿಗದೆಂದು ತಿಳಿದ ಅವರು 1832ರ ಹೊತ್ತಿಗೆ ಗಾಜಿನ ತೊಟ್ಟಿಗಳನ್ನೂ ಸಮುದ್ರದಲ್ಲಿ ಇಳಿಬಿಡುವ ಪಂಜರಗಳನ್ನೂ ಸಿದ್ಧಪಡಿಸಿಕೊಂಡು, ಜೀವಂತ ಅರ್ಗೊನಾಟ್‌ಗಳ ಚಿಪ್ಪನ್ನು ಅಲ್ಲಲ್ಲಿ ಮುರಿದು ನೋಡಿದರು. ಅಗಲವಾದ ಎರಡು ತೋಳುಗಳಿಂದ ಒಸರುವ ದ್ರವ್ಯದಿಂದಲೇ ಆ ಜೀವಿ ಮುರುಕನ್ನು ಮುಚ್ಚಿಕೊಂಡಿತು. ಚಿಪ್ಪು ಅದರದೇ ಎಂಬುದು ಸಿದ್ಧವಾಯಿತು. 1838ರಲ್ಲಿ ಹಡಗು ಮುಳುಗಿ ಅವರ ಸಂಗ್ರಹದ ಬಹುಭಾಗ ಕಡಲಪಾಲಾದದ್ದು ಜೀವಶಾಸ್ತ್ರಕ್ಕಾದ ದೊಡ್ಡ ನಷ್ಟ.

ಇಂಗ್ಲೆಂಡಿನಲ್ಲಿ ತೊಟ್ಟಿಯ ಕಥೆ ಬೇರೆ ದಾರಿ ಹಿಡಿಯಿತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1850ರಲ್ಲಿ ಮೀನು, ನೀರುಗಿಡ, ಬಸವನಹುಳು ಮೂರೂ ಒಂದಕ್ಕೊಂದು ಆಸರೆಯಾಗಿ ಬದುಕುವ ಬಗೆಯನ್ನು ವಿವರಿಸಿದರೆ, 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕ ‘ಅಕ್ವೇರಿಯಂ’ ಎಂಬ ಹೆಸರನ್ನು ಮನೆಮಾತಾಗಿಸಿತು. ಈ ಗೀಳಿಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ: ಸಂಗ್ರಾಹಕರು ಮುಗಿಬಿದ್ದು ಕಡಲದಂಡೆಯ ಬಂಡೆಗುಂಡಿಗಳು ಬರಿದಾದುದನ್ನು ಗಾಸ್ ಅವರ ಮಗ ಎಡ್ಮಂಡ್ 1907ರ ತಮ್ಮ ಆತ್ಮಕಥನದಲ್ಲಿ ನೋವಿನಿಂದ ನೆನೆದಿದ್ದಾರೆ.

ಆದರೆ ಇಂದು ಸಾಕುಪ್ರಾಣಿಯಾಗಿ ಹೆಚ್ಚು ಮಾರಾಟವಾಗುವ ಸನ್ಯಾಸಿ ಏಡಿ ನೆಲದ ಮೇಲೆ ಬಾಳುವ ಸೀನೊಬೈಟಾ ಕುಲದ್ದಾಗಿದ್ದು, ಅದಕ್ಕೆ ಗಾಸ್ ಅವರ ನೀರಿನ ತೊಟ್ಟಿಗಿಂತ ಹೆಚ್ಚು ಒಪ್ಪುವುದು ಅದಕ್ಕೂ ಹಳೆಯದಾದ ಇನ್ನೊಂದು ಪೆಟ್ಟಿಗೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ, ಮುಚ್ಚಿದ ಗಾಜಿನ ಸೀಸೆಯೊಳಗೆ ತೇವ ಆರದೆ ಜರಿಗಿಡ ಮೊಳೆತದ್ದನ್ನು ಕಂಡು ರೂಪಿಸಿದ ಆ ಪೆಟ್ಟಿಗೆ ಗಿಡಗಳನ್ನು ಖಂಡದಿಂದ ಖಂಡಕ್ಕೆ ಒಯ್ದಿತು. ಮಾರ್ಪಟ್ಟ ಕಿವಿರುಗಳಿಂದ ಉಸಿರಾಡುವ ನೆಲದ ಏಡಿಗೂ ಬೇಕಾದುದು ಅಂಥದೇ ತೇವದ ಗಾಳಿ. ಅದು ಒಣಗಿದರೆ ಏಡಿ ನಿಧಾನವಾಗಿ ಉಸಿರುಗಟ್ಟಿ ಸಾಯುತ್ತದೆ. ಈ ಏಡಿಗಳ ಮರಿಗಳು ಸಮುದ್ರದಲ್ಲೇ ಬೆಳೆಯಬೇಕಾದ್ದರಿಂದ ಮನೆಯಲ್ಲಿ ತಳಿ ಬೆಳೆಸುವುದು ತೀರ ಕಷ್ಟ, ಅಂಗಡಿಗೆ ಬರುವುವು ಬಹುಪಾಲು ದಂಡೆಯಿಂದ ಹಿಡಿದು ತಂದವೇ. ಹಾಗಾಗಿ ಅವುಗಳಿಗೆ ಒಳ್ಳೆಯ ನೆಲೆ ಒದಗಿಸುವುದು ಹವ್ಯಾಸವಷ್ಟೇ ಅಲ್ಲ, ಋಣ.

ಆ ನೆಲೆಯಲ್ಲಿ ಮುಚ್ಚಳ, ಬೆಚ್ಚಗಿನ ತೇವ, ಸಿಹಿನೀರಿನ ಒಂದು ಬಟ್ಟಲು, ಕಡಲುಪ್ಪು ಬೆರೆತ ನೀರಿನ ಇನ್ನೊಂದು, ತುಸು ದೊಡ್ಡ ಅಳತೆಯ ಖಾಲಿ ಚಿಪ್ಪುಗಳು ಇರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟುವಷ್ಟು ಹಸಿಯಾದ, ಏಡಿ ಪೂರ್ತಿ ಹೂತುಕೊಳ್ಳುವಷ್ಟು ಆಳದ ಮರಳು. ಪೊರೆ ಕಳಚುವ ಕಾಲದಲ್ಲಿ ಏಡಿ ಅದರೊಳಗೆ ವಾರಗಟ್ಟಲೆ ಕತ್ತಲಲ್ಲಿದ್ದು, ಕಳಚಿದ ಹಳೆಯ ಕವಚವನ್ನೇ ತಿಂದು, ಹೊಸ ಕವಚ ಗಟ್ಟಿಯಾದ ಮೇಲೆ ತಾನಾಗಿಯೇ ಮೇಲೆ ಬರುತ್ತದೆ. ಸತ್ತಿತೆಂದು ಭಾವಿಸಿ ಮರಳು ಕೆದಕಿದವರ ಕೈಗೆ ಸಿಗುವುದು ಇನ್ನೂ ಮೆತ್ತಗಿರುವ, ಮುಟ್ಟಿದರೆ ಗಾಯಗೊಳ್ಳುವ ಜೀವ.