ಕೆಸುವಿನ ಎಲೆ ಮತ್ತು ಒಂದು ಹಳೆಯ ಬಾಕಿ
(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್)

ಮಳೆಗಾಲದಲ್ಲಿ ನಮ್ಮ ಶಾಲೆಯ ಬೇಲಿಯ ಪಕ್ಕ ಕೆಸು ದಟ್ಟವಾಗಿ ಬೆಳೆಯುತ್ತಿತ್ತು. ಎಲೆಯ ಮೇಲೆ ಹನಿ ಪಾದರಸದಂತೆ ಉರುಳಾಡುವುದನ್ನು ನೋಡುತ್ತಾ ನಿಂತರೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರನ್ನು ಕಾರಣ ಕೇಳಿದೆ. “ಎಲೆ ಮೇಲೆ ಮೇಣ ಇರುತ್ತೆ ಕಣೋ” ಎಂದರು. “ಮೇಣದಬತ್ತಿ ಮೇಲೆ ಹನಿ ಹೀಗೆ ಉರುಳಲ್ಲವಲ್ಲ ಸಾರ್?” ಎಂದೆ. ಸ್ವಲ್ಪ ಯೋಚಿಸಿ, “ನನಗೂ ಗೊತ್ತಿಲ್ಲ. ಮುಂದೆ ನೀನೇ ಓದಿ ನನಗೆ ಹೇಳು” ಎಂದರು. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇನೆ.

1805ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್, ಹನಿಯ ಅಂಚು ತಾನು ಕೂತ ಮೇಲ್ಮೈಯೊಂದಿಗೆ ಒಂದು ನಿಶ್ಚಿತ ಕೋನ ಮಾಡುತ್ತದೆ ಎಂದು ವಿವರಿಸಿದರು. ಇದೇ ಸಂಪರ್ಕ ಕೋನ. ಅದು ಕಡಿಮೆಯಾದಷ್ಟೂ ನೀರು ಹರಡುತ್ತದೆ, ಹೆಚ್ಚಾದಷ್ಟೂ ಹನಿ ಗುಂಡಗಾಗುತ್ತದೆ. ನಯವಾದ ಮೇಣದ ಮೇಲೆ ಈ ಕೋನ 110 ಡಿಗ್ರಿಯ ಆಸುಪಾಸು. ತಾವರೆ ಎಲೆಯ ಮೇಲೆ ಸುಮಾರು 160. ಎಲ್ಲವೂ ಮೇಣದ್ದೇ ಮಹಿಮೆಯಾದರೆ ಉಳಿದ 50 ಡಿಗ್ರಿ ಎಲ್ಲಿಂದ ಬಂತು?

1936ರಲ್ಲಿ ಅಮೆರಿಕದ ರಾಬರ್ಟ್ ವೆನ್‌ಜೆಲ್ ಉತ್ತರದ ಒಂದು ಭಾಗ ಕೊಟ್ಟರು: ಒರಟುತನ ಮೇಲ್ಮೈಯ ಹುಟ್ಟುಗುಣವನ್ನು ಹೆಚ್ಚಿಸುತ್ತದೆ. ಒದ್ದೆಯಾಗುವುದು ಇನ್ನಷ್ಟು ಒದ್ದೆಯಾಗುತ್ತದೆ, ನೀರನ್ನು ದೂರವಿಡುವುದು ಇನ್ನಷ್ಟು ದೂರವಿಡುತ್ತದೆ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬ ಇಬ್ಬರು ಇನ್ನೊಂದು ಭಾಗ ಸೇರಿಸಿದರು. ಅವರು ಉಣ್ಣೆ ಉದ್ಯಮದ ಸಂಶೋಧಕರು. ನೀರು ಹಿಡಿಯದ ಬಟ್ಟೆ ಅವರ ಚಿಂತೆ. ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ಹನಿ ಬಹುಪಾಲು ಗಾಳಿಯ ಮೇಲೆಯೇ ಕೂರುತ್ತದೆ ಎಂದು ಲೆಕ್ಕಹಾಕಿ ತೋರಿಸಿದರು.

ಸೂತ್ರಗಳು ಸಿಕ್ಕಿದ್ದವು, ಎಲೆಯೊಳಗಿನ ಗುಟ್ಟು ಕಣ್ಣಿಗೆ ಬಿದ್ದಿರಲಿಲ್ಲ. 1970ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಥ್‌ಲಾಟ್ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ನಯವಾದ ಎಲೆಗಳನ್ನು ಮೊದಲು ತೊಳೆಯಬೇಕಿತ್ತು. ಒರಟು ಎಲೆಗಳು ಮಾತ್ರ ತೊಳೆಯದೆಯೇ ಶುಭ್ರವಾಗಿರುತ್ತಿದ್ದವು. ನಾವು ಅಂದುಕೊಳ್ಳುವುದಕ್ಕೆ ಇದು ತದ್ವಿರುದ್ಧ! 1997ರಲ್ಲಿ ಅವರು ನೈನ್‌ಹುಯಿಸ್ ಜೊತೆ ತಾವರೆ ಎಲೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎಲೆಯ ತುಂಬ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಗಾತ್ರದ ಗುಬ್ಬಿಗಳು. ಅವುಗಳ ಮೈಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪದ ಮೇಣದ ಕೊಳವೆಗಳು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. ಹನಿ ಆ ತುದಿಗಳ ಮೇಲಷ್ಟೇ ನಿಂತು, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಕೆಸುವಿನದೂ ಇದೇ ಬಗೆ. ಇಂದು ಇಂಜಿನಿಯರುಗಳು ಸಿಲಿಕಾನ್ ಮೇಲೆ ಇಂಥ ವಿನ್ಯಾಸಗಳನ್ನು ಕೆತ್ತಿ, ಹನಿ ನಿಲ್ಲಬೇಕೋ ಉರುಳಬೇಕೋ ಎಂಬುದನ್ನು ತಾವೇ ನಿರ್ಧರಿಸುತ್ತಾರೆ.

ನಾನು ಮೇಷ್ಟ್ರನ್ನು ಕೇಳುವಾಗ ಆ ಪ್ರಬಂಧ ಬಂದು ಕೆಲವೇ ವರ್ಷಗಳಾಗಿದ್ದವು. ನಮ್ಮ ಪಠ್ಯಪುಸ್ತಕಕ್ಕೆ ಅದು ತಲುಪಿರಲಿಲ್ಲ. ತಿಳಿದಂತೆ ನಟಿಸಿ ನನ್ನನ್ನು ಕೂರಿಸಿಬಿಡುವುದು ಅವರಿಗೆ ಸುಲಭವಿತ್ತು. “ಗೊತ್ತಿಲ್ಲ” ಎಂದರು, ಅದಕ್ಕೇ ಆ ಪ್ರಶ್ನೆ ನನ್ನಲ್ಲಿ ಉಳಿಯಿತು.

ಈಗಿನ ಮಕ್ಕಳಿಗೆ ಒಂದು ಮಾತು. ಕೆಸುವಿನ ಎಲೆಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಮತ್ತೆ ನೀರು ಹಾಕಿ ನೋಡಿ. ಅಲ್ಲಿ ಹನಿ ಅಂಟಿಕೊಳ್ಳುತ್ತದೆ. ಯಾಕೆಂದು ನಿಮ್ಮ ಮೇಷ್ಟ್ರನ್ನು ಕೇಳಿ.

ಸುವರ್ಣ ಮಹೋತ್ಸವಕ್ಕೆ ನಮ್ಮ ಮೇಷ್ಟ್ರೂ ಬರುತ್ತಾರಂತೆ. ಸಾರ್, ಉತ್ತರ ಇದು: ಮೇಣ ಅರ್ಧ, ಒರಟುತನ ಇನ್ನರ್ಧ.