ಕಲ್ಲಿನ ರಥದ ಮೇಲೊಂದು ಗೋಪುರ

ಚಿತ್ರಗಳನ್ನು ನಾವು ಹುಡುಕಿಕೊಂಡು ಹೋಗುತ್ತಿದ್ದ ಕಾಲ ಒಂದಿತ್ತು. ಈಗ ಅವೇ ನಮ್ಮನ್ನು ಹುಡುಕಿಕೊಂಡು ಬರುತ್ತವೆ. ಬೆಳಗಿನ ಕಾಫಿ ಕೈಗೆ ಬರುವುದಕ್ಕೆ ಮೊದಲೇ ಮೊಬೈಲಿನಲ್ಲಿ ಹತ್ತಾರು ಚಿತ್ರಗಳು ಬಂದು ಕುಳಿತಿರುತ್ತವೆ. ತೆಗೆದವರು ಯಾರು, ತೆಗೆದದ್ದು ಎಂದು, ಎಲ್ಲಿ—ಯಾವುದಕ್ಕೂ ಊರಿಲ್ಲ, ಹೆಸರಿಲ್ಲ. ನೋಡುತ್ತೇವೆ, ಬೆರಗಾಗುತ್ತೇವೆ, ಇನ್ನೊಬ್ಬರಿಗೆ ದಾಟಿಸಿ ಸ್ನಾನಕ್ಕೆ ಏಳುತ್ತೇವೆ.

ಅಂಥದೊಂದು ಚಿತ್ರದ ದೆಸೆಯಿಂದ ಈಚೆಗೆ ನನಗೆ ತರಗತಿಯಲ್ಲಿ ಮುಖಭಂಗವಾಯಿತು. ವಿಜಯನಗರದ ಕಾಲದ ಸಾಹಿತ್ಯವನ್ನು ಕುರಿತು ಪಾಠ ನಡೆದಿತ್ತು. ಮಾತು ಸಹಜವಾಗಿ ಹಂಪೆಯ ಕಡೆಗೆ ಹೊರಳಿತು; ಹಂಪೆಯೆಂದ ಮೇಲೆ ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ವರ್ಣಿಸದೆ ಮೇಷ್ಟರಿಗೆ ಮುಂದೆ ಹೋಗಲು ಸಾಧ್ಯವೆ? ವರ್ಣನೆ ಮುಗಿಯುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ರಥದ ಮೇಲೆ ಗೋಪುರ ಇತ್ತಲ್ಲವೆ?” ಎಂದು ಕೇಳಿದಳು. ಸಾಕ್ಷಿಗೆಂದು ಮೊಬೈಲನ್ನೂ ಮುಂದಕ್ಕೆ ಹಿಡಿದಳು. ಮಾಸಿದ ಹಳೆಯ ಚಿತ್ರ. ಅದೇ ರಥ, ಅವೇ ಚಕ್ರಗಳು. ಆದರೆ ಮೇಲೆ ಇಟ್ಟಿಗೆಯ ಶಿಖರವೊಂದು ಎದ್ದು ನಿಂತಿದೆ. “ಯಾರೋ ಕಂಪ್ಯೂಟರಿನಲ್ಲಿ ಕೂಡಿಸಿದ ಕುಚೇಷ್ಟೆ ಇದು. ಕಂಡದ್ದನ್ನೆಲ್ಲ ನಂಬಬಾರದಮ್ಮ” ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗಿ ಸುಮ್ಮನೆ ಕುಳಿತಳು.

ಅವಳು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದು ತಿಳಿಯುವುದಕ್ಕೆ ಎರಡು ದಿನ ಹಿಡಿಯಿತು.

ಆ ಚಿತ್ರವನ್ನು ತೆಗೆದವನು ಅಲೆಗ್ಸಾಂಡರ್ ಗ್ರೀನ್ಲಾ. ಕಂಪನಿ ಸರ್ಕಾರದ ಮದರಾಸು ಸೈನ್ಯದಲ್ಲಿ ಅಧಿಕಾರಿ; ಛಾಯಾಚಿತ್ರ ಅವನ ವೃತ್ತಿಯಲ್ಲ, ಹವ್ಯಾಸ. ತೆಗೆದದ್ದು 1856ರಲ್ಲಿ. ಸಿಪಾಯಿಗಳ ದಂಗೆಗೆ ಇನ್ನೂ ಒಂದು ವರ್ಷವಿತ್ತು. ಫ್ರಾನ್ಸಿನ ಡಾಗೇರನ ವಿದ್ಯೆ ಲೋಕಕ್ಕೆ ಪ್ರಕಟವಾಗಿದ್ದುದೇ 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ತನ್ನ ಕ್ರಮಕ್ಕೆ ಹಕ್ಕು ಪಡೆದದ್ದು 1841ರಲ್ಲಿ. ಹದಿನೈದು ವರ್ಷಗಳಲ್ಲಿ ಆ ವಿದ್ಯೆ ತುಂಗಭದ್ರೆಯ ದಂಡೆಗೆ ಬಂದಿತ್ತು.

ಹೇಗೆ ಬಂದಿತ್ತೆಂಬುದನ್ನು ಸ್ವಲ್ಪ ನೆನೆಯಬೇಕು. ದೊಡ್ಡ ಮರದ ಪೆಟ್ಟಿಗೆ, ಅದಕ್ಕೊಂದು ಮುಕ್ಕಾಲಿ, ಸೀಸೆಗಳಲ್ಲಿ ರಾಸಾಯನಿಕಗಳು. ಮೇಣ ಸವರಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಹಿಡಿಸಿ, ಬೆಳಕು ಸೋಕದಂತೆ ಪೆಟ್ಟಿಗೆಯೊಳಗಿಟ್ಟು, ಮಸೂರದ ಮುಚ್ಚಳ ತೆಗೆದು ಕಾಯಬೇಕು. ಕ್ಷಣವಲ್ಲ, ನಿಮಿಷಗಟ್ಟಲೆ. ಹಂಪೆಯ ಬಿಸಿಲು, ಕಾದ ಬಂಡೆ, ಮೈಮೇಲೆ ದಪ್ಪ ಬಟ್ಟೆ! ಇಂದು ರಥದ ಮುಂದೆ ನಿಂತು ಒಂದು ಗಂಟೆಯಲ್ಲಿ ಇನ್ನೂರು ಚಿತ್ರ ತೆಗೆಯುವವರಿಗೆ ಈ ತಾಳ್ಮೆಯನ್ನು ಊಹಿಸುವುದೂ ಕಷ್ಟ.

ಹೀಗೆ ಕಾಯುವ ಚಿತ್ರಕ್ಕೆ ಒಂದು ವಿಚಿತ್ರ ಗುಣವುಂಟು: ನಿಂತದ್ದು ಉಳಿಯುತ್ತದೆ, ನಡೆದದ್ದು ಅಳಿಸಿಹೋಗುತ್ತದೆ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ರಾಜಬೀದಿಯ ಚಿತ್ರ ತೆಗೆದ. ಬೀದಿಯ ತುಂಬ ಬಂಡಿ, ಕುದುರೆ, ಜನ. ಚಿತ್ರದಲ್ಲಿ ಮಾತ್ರ ಬೀದಿ ಬಿಕೋ ಎನ್ನುತ್ತಿದೆ. ಒಬ್ಬನೇ ಒಬ್ಬ ಸ್ಪಷ್ಟವಾಗಿ ಉಳಿದಿದ್ದಾನೆ, ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳಲು ಕಾಲು ಮುಂದೆ ಚಾಚಿ ನಿಂತವನು. ತಾನು ಚರಿತ್ರೆಗೆ ಸೇರುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಚಿತ್ರ ಸುಳ್ಳು ಹೇಳುವುದಿಲ್ಲವೆನ್ನುವವರು ಆ ಬರಿದಾದ ಬೀದಿಯನ್ನು ಒಮ್ಮೆ ನೋಡಬೇಕು.

ಆದರೆ ಕಟ್ಟಡ ನಿಂತೇ ಇರುವ ವಸ್ತು. ಗ್ರೀನ್ಲಾನ ಕಾಗದದ ಮೇಲೆ ಇಟ್ಟಿಗೆಯ ಶಿಖರ ಮೂಡಿದೆಯೆಂದರೆ ಅದು ಅಲ್ಲಿ ಇತ್ತೆಂದೇ ಅರ್ಥ. ಯೋಚಿಸಿದರೆ ಇರಲೇಬೇಕು. ನಾವು ರಥವೆನ್ನುವುದು ವಾಸ್ತವವಾಗಿ ಗರುಡನ ಗುಡಿ. ವಿಠ್ಠಲನಿಗೆ ಇದಿರಾಗಿ ಅವನ ವಾಹನಕ್ಕೆಂದು ಕಟ್ಟಿದ್ದು. ಗುಡಿಯೆಂದ ಮೇಲೆ ಶಿಖರ ಬೇಡವೆ? ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ, ಇದು ವಿಜಯನಗರದ ಕಟ್ಟಡಗಳಲ್ಲಿ ಎಲ್ಲೆಲ್ಲೂ ಕಾಣುವ ಪದ್ಧತಿ. ಏಕಶಿಲೆಯೆಂದು ಮಾರ್ಗದರ್ಶಕರು ಹೇಳುವುದೂ ಸರಿಯಲ್ಲ. ಬೇರೆಬೇರೆ ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ ಚಾತುರ್ಯ ಅದು. ಗ್ರೀನ್ಲಾ ಬಂದುಹೋದ ಮೇಲೆ, ಶಿಥಿಲವಾಗಿದ್ದ ಶಿಖರವನ್ನು ತೆಗೆದುಹಾಕಿದರು. ಬೇಲೂರಿನಲ್ಲಿಯೂ ಇದೇ ಕಥೆ. ಚೆನ್ನಕೇಶವನ ಗರ್ಭಗುಡಿಯ ಮೇಲಿದ್ದ ಗೋಪುರವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಕೆಳಗಿನದಾದರೂ ಉಳಿಯಲೆಂದು ಇಳಿಸಿದರು. ಬೋಳು ತಲೆಯ ಬೇಲೂರನ್ನೇ ನಾವು ಹೊಯ್ಸಳರ ಬೇಲೂರೆಂದು ನೋಡಿ ಬರುತ್ತಿದ್ದೇವೆ.

ಹಾಗೆ ತೆಗೆದವರನ್ನು ದೂರುವುದು ನನ್ನ ಉದ್ದೇಶವಲ್ಲ. ಬಿದ್ದುಹೋಗುವ ಭಾರವನ್ನು ಇಳಿಸದೆ ಬಿಟ್ಟಿದ್ದರೆ ರಥವೇ ಉಳಿಯುತ್ತಿತ್ತೋ ಇಲ್ಲವೋ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಶಿಖರವಿಲ್ಲದ ರಥವನ್ನು ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, 2017ರಿಂದೀಚೆಗೆ ಐವತ್ತು ರೂಪಾಯಿಯ ನೋಟಿನಲ್ಲಿಯೂ ನೋಡಿ ನೋಡಿ ಅದೇ ಸತ್ಯವೆಂದು ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತ್ತು. ನಿಜವಾದ ಚಿತ್ರ ಕಣ್ಣೆದುರು ಬಂದಾಗ ಅದನ್ನು ಕಳ್ಳನೆಂದು ಓಡಿಸಿದೆ. ಅದೇ ವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇನ್ನೊಂದು ಚಿತ್ರ ಕೈಯಿಂದ ಕೈಗೆ ಹೋಯಿತು: ಹೊಳೆಯುವ ಅರಮನೆ, ಆನೆಗಳ ಸಾಲು, ಹೂ ಚೆಲ್ಲಿದ ಬೀದಿ, “ಕೃಷ್ಣದೇವರಾಯನ ಹಂಪೆ”. ಯಂತ್ರ ಹೆಣೆದ ಕಲ್ಪನೆ. ನಾನೂ ಸೇರಿ ಎಲ್ಲರೂ ಭೇಷ್ ಎಂದೆವು, ಒಬ್ಬರೂ ಅನುಮಾನಿಸಲಿಲ್ಲ. ಅದು ನಮಗೆ ಬೇಕಾದ ಹಂಪೆಯಾಗಿತ್ತು.

ಗ್ರೀನ್ಲಾನ ಚಿತ್ರವನ್ನು ನಂಬಲು ಆಧಾರವೇನು? ಅವನ ಕಾಗದದ ನೆಗೆಟಿವ್‌ಗಳು ಉಳಿದಿವೆ, ಒಂದಲ್ಲ, ಹಲವು. ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಗ್ರೀನ್ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಹೊಸ ಚಿತ್ರಗಳನ್ನು ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಂಡೆ ಬಂಡೆಗೆ ತಾಳೆಯಾಗುತ್ತದೆ. ಬದಲಾದದ್ದು ಯಾವುದೆಂದು ಮಗುವೂ ತೋರಿಸಬಲ್ಲದು. ಮೊಬೈಲಿಗೆ ಬರುವಾಗ ಈ ವಂಶಾವಳಿಯೆಲ್ಲ ಕಳಚಿಹೋಗಿ, ಚಿತ್ರವೊಂದೇ ಅನಾಥವಾಗಿ ಬಂದಿತ್ತು.

ಮುಂದಿನ ತರಗತಿಯಲ್ಲಿ ಎಲ್ಲರ ಎದುರಿಗೇ ಆ ಹುಡುಗಿಗೆ, “ತಪ್ಪು ನನ್ನದಮ್ಮ” ಎಂದೆ. ಅವಳು ಹಿಗ್ಗಲಿಲ್ಲ. “ಹಾಗಾದರೆ ಈಗಿರುವುದರಲ್ಲಿ ಇನ್ನೇನೇನು ಬದಲಾಗಿದೆ ಸಾರ್?” ಎಂದಳು. ಉತ್ತರ ಹೇಳಲು ಹಂಪೆಗೇ ಹೋಗಬೇಕಾಯಿತು. ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋದೆ. ರಥವನ್ನು ಎಳೆಯುವಂತೆ ಮುಂದೆ ನಿಂತಿರುವ ಎರಡು ಆನೆಗಳು ಮೊದಲಿನವಲ್ಲ. ಆ ಜಾಗದಲ್ಲಿ ಇದ್ದದ್ದು ಕುದುರೆಗಳು. ಅವಳು ಮಂಡಿಯೂರಿ ಆನೆಗಳ ಹಿಂದೆ ಬಗ್ಗಿ ನೋಡಿದಳು. ಕುದುರೆಯ ಹಿಂಗಾಲೂ ಬಾಲವೂ ಕಲ್ಲಿನಲ್ಲಿ ಇನ್ನೂ ಇದ್ದವು.